ಡೇರೆಯಲ್ಲಿ ಅರ್ಥ ಹೇಳುತ್ತಿದ್ದ ಮೇಸ್ತ್ರಿ

ಕುಮಟೆಯ ಸಿನೆಮಾ ಡೇರೆಯಲ್ಲಿ ಆ ಸಂಜೆ ಮೇಸ್ತ್ರಿ ಕೊನೆಗೆ ಏನು ಹೇಳಿದರು ಎಂಬುದು ನನಗೆ ಖಚಿತವಿಲ್ಲ. ಹೇಳಿದರೋ ಇಲ್ಲವೋ ಎಂಬುದೇ ಖಚಿತವಿಲ್ಲ. ಅಲ್ಲಿದ್ದ ಮೂವರ ಬಾಯಿಂದ ಅದನ್ನು ಮೂರು ಬಗೆಯಾಗಿ ಕೇಳಿದ್ದೇನೆ. ಆ ಮೂವರಲ್ಲಿ ಒಬ್ಬ ನಾನೇ. ಧಾರವಾಡದಲ್ಲಿ ನಾಲ್ಕು ವರ್ಷ ತರ್ಕಶಾಸ್ತ್ರ ಓದಿದವನಿಗೆ ಇದು ಮರ್ಯಾದೆಯ ಸಂಗತಿಯಲ್ಲ.

ಕಳೆದ ಮಳೆಗಾಲದಲ್ಲಿ ಮೇಸ್ತ್ರಿ ತೀರಿಕೊಂಡರೆಂದು ಹೊನ್ನಾವರದಿಂದ ಪತ್ರ ಬಂತು. ಪತ್ರದಲ್ಲಿ ಎರಡು ಸುದ್ದಿಗಳಿದ್ದವು. ಜೀವಮಾನವಿಡೀ ದೇವರಿಲ್ಲ ಎಂದವರು ಕೊನೆಯ ಗಳಿಗೆಯಲ್ಲಿ ಪಾದ್ರಿಯನ್ನು ಕರೆಸಿ, ಶಿಲುಬೆ ಹಿಡಿದು ಅತ್ತರಂತೆ ಎಂಬುದು ಒಂದು. ಕುಡಿದು ಕುಡಿದು ಹೊಟ್ಟೆ ಕೆಟ್ಟು ಸತ್ತರಂತೆ ಎಂಬುದು ಇನ್ನೊಂದು. ಈ ಎರಡೂ ಮುಕ್ತಾಯಗಳನ್ನು ನಾನು ಬಹಳ ಹಿಂದೆಯೇ ನೋಡಿದ್ದೆ, ಡೇರೆಯಲ್ಲಿ, ಮರಳಿನ ಮೇಲೆ ಕೂತು. ನಾಸ್ತಿಕ ಸಾಯುವ ಮೊದಲು ಅಳಬೇಕು; ಕ್ರಿಶ್ಚಿಯನ್ ಕುಡಿದೇ ಸಾಯಬೇಕು. ಮೇಸ್ತ್ರಿ ಪಾಪ ಎರಡೂ ಆಗಿದ್ದರು. ಊರು ಅವರಿಗೆ ಎರಡು ಸಾವು ಕೊಟ್ಟಿತು.

ಹುಟ್ಟಿನಿಂದ ಅವರು ಕ್ರಿಶ್ಚಿಯನ್, ಮನೆಮಾತು ಕೊಂಕಣಿ. ಕಸುಬು ಗಡಿಯಾರ ರಿಪೇರಿ. ಹೊನ್ನಾವರದ ಬಂದರಿಗೆ ಹೋಗುವ ರಸ್ತೆಯಲ್ಲಿ ಒಂದು ಬಾಗಿಲಿನ ಅಂಗಡಿ. ಊರವರೆಲ್ಲ ಕರೆಯುತ್ತಿದ್ದುದು ಮೇಸ್ತ್ರಿ ಎಂದೇ. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಭೂತಗನ್ನಡಿಯೊಂದು ದಾರದಲ್ಲಿ ಅವರ ತಲೆಗೆ ಕಟ್ಟಿರುತ್ತಿತ್ತು. ಗಡಿಯಾರ ನೋಡುವಾಗ ಅದನ್ನು ಕಣ್ಣಿಗೆ ಇಳಿಸುತ್ತಿದ್ದರು. ಮನುಷ್ಯರನ್ನು ನೋಡುವಾಗ ಹಣೆಗೆ ಏರಿಸುತ್ತಿದ್ದರು. ಮನುಷ್ಯರಿಗೆ ಅಷ್ಟು ಸೂಕ್ಷ್ಮ ಬೇಡ ಎಂಬ ಹಾಗೆ.

ಧಾರವಾಡದಿಂದ ಮೊದಲ ಸಲ ರಜೆಗೆ ಊರಿಗೆ ಬಂದಾಗ ನಾನೂ ನಾಸ್ತಿಕನಾಗಿದ್ದೆ. ಆದರೆ ನನ್ನ ನಾಸ್ತಿಕತೆ ದೇವಿಮನೆ ಘಟ್ಟದ ತುದಿಯವರೆಗೆ ಮಾತ್ರ ಬರುತ್ತಿತ್ತು. ಅಲ್ಲಿ ದೇವಿಯ ಗುಡಿಯ ಎದುರು ಬಸ್ಸು ನಿಂತಾಗ ಎಲ್ಲರ ಹಿಂದೆ ನಾನೂ ಇಳಿದು ಕುಂಕುಮ ಹಚ್ಚಿಕೊಳ್ಳುತ್ತಿದ್ದೆ. ಮನೆಯ ಊಟದ ಪಂಕ್ತಿಯಲ್ಲಿ ಅಪ್ಪನ ಎದುರು ಕೂರಬೇಕಲ್ಲ. ಮೇಸ್ತ್ರಿಯ ನಾಸ್ತಿಕತೆಗೆ ಘಟ್ಟ ಇರಲಿಲ್ಲ. ಅದು ದಿನವೂ ಅಂಗಡಿಯಲ್ಲಿ ಕೂತು ಚಾ ಕುಡಿಯುತ್ತಿತ್ತು.

ಅವರನ್ನು ಪರೀಕ್ಷಿಸಲೆಂದು ನಾನು ಕಾಲೇಜಿನಲ್ಲಿ ಕಲಿತ ಒಂದು ವಾದವನ್ನು ಒಪ್ಪಿಸಿದೆ. ಇಷ್ಟು ಚಂದದ ಗಡಿಯಾರ ಇದೆ ಎಂದ ಮೇಲೆ ಅದನ್ನು ಮಾಡಿದವನೊಬ್ಬ ಇರಲೇಬೇಕು, ಹಾಗೆಯೇ ಜಗತ್ತಿಗೂ.

ಅವರು ಭೂತಗನ್ನಡಿಯನ್ನು ಹಣೆಗೆ ಏರಿಸಿದರು.

"ಮಾಡಿದವ ಇದ್ದ ತಮಾ, ಸ್ವಿಟ್ಜರ್ಲೆಂಡಲ್ಲಿ. ರಿಪೇರಿಗೆ ಒಂದು ದಿನ ಬಂದವ ಅಲ್ಲ. ಉಪ್ಪುಗಾಳಿಗೆ ಹಿಡಿದ ತುಕ್ಕು ತೆಗೆಯೂದು ನಾನೇ."

ಇಗರ್ಜಿಯ ಗೋಪುರದ ಗಡಿಯಾರಕ್ಕೆ ವಾರಕ್ಕೊಮ್ಮೆ ಕೀಲಿ ಕೊಡುತ್ತಿದ್ದವರೂ ಅವರೇ. ಪೂಜೆಯ ಹೊತ್ತಿಗೆ ಹೋಗುತ್ತಿರಲಿಲ್ಲ. ಅವರ ಹೆಂಡತಿ ಒಳಗೆ ಮೊಣಕಾಲೂರಿದ್ದಾಗ ಇವರು ಮೇಲೆ ಎಣ್ಣೆ ಬಿಡುತ್ತಿದ್ದರು. ದೇವರಿಲ್ಲ ಎನ್ನುವವರು ದೇವರ ಗಡಿಯಾರಕ್ಕೆ ಕೀಲಿ ಯಾಕೆ ಕೊಡುತ್ತೀರಿ ಎಂದು ಒಮ್ಮೆ ಕೇಳಿದೆ.

"ಗಡಿಯಾರ ಇದೆಯಲ್ಲ," ಎಂದರು.

ಅದು ಎರಡನೇ ಮಹಾಯುದ್ಧದ ಕಾಲ. ಸೀಮೆಎಣ್ಣೆಗೂ ಅಕ್ಕಿಗೂ ರೇಷನ್ನು. ಸುಳ್ಳಿಗೆ ಮಾತ್ರ ಇರಲಿಲ್ಲ. ಮಳೆ ನಿಂತ ಮೇಲೆ ಕುಮಟೆಯ ಸಾಹುಕಾರರೊಬ್ಬರ ಸಿನೆಮಾ ಡೇರೆ ನಮ್ಮ ಕಡೆ ತಿರುಗುತ್ತಿತ್ತು. ಒಂದಿಷ್ಟು ದಿನ ಹೊನ್ನಾವರ, ಶರಾವತಿ ದಾಟಿ ಭಟ್ಕಳ, ಆಮೇಲೆ ತಿರುಗಿ ಕುಮಟೆ. ಚಿತ್ರಗಳೆಲ್ಲ ಹಿಂದೂಸ್ತಾನಿಯಲ್ಲಿ. ಹೊನ್ನಾವರ, ಕುಮಟೆಗಳಲ್ಲಿ ಆ ಭಾಷೆ ಬಲ್ಲವರು ಕಡಿಮೆ. ಹಾಗಾಗಿ ಪರದೆಯ ಪಕ್ಕದಲ್ಲಿ ಒಬ್ಬ ಮನುಷ್ಯ ತಗಡಿನ ತುತ್ತೂರಿ ಹಿಡಿದು ನಿಂತು, ಆಗುತ್ತಿರುವುದನ್ನು ಕನ್ನಡದಲ್ಲಿ ಹೇಳಬೇಕಿತ್ತು. ಮೇಸ್ತ್ರಿ ಹರೆಯದಲ್ಲಿ ಮುಂಬಯಿಯ ಗಡಿಯಾರದ ಅಂಗಡಿಯೊಂದರಲ್ಲಿ ಆರು ವರ್ಷ ಇದ್ದವರು; ಭಾಷೆ ಬರುತ್ತಿತ್ತು. ಸಾಹುಕಾರರು ಅವರನ್ನೇ ಹಿಡಿದರು.

ಈ ಕೆಲಸಕ್ಕೆ ನಮ್ಮವರು ಇಟ್ಟ ಹೆಸರು 'ಅರ್ಥ'. ಯಕ್ಷಗಾನದಲ್ಲಿ ಭಾಗವತರು ಪದ ಹಾಡಿದ ಮೇಲೆ ವೇಷಧಾರಿ ತನ್ನ ಸ್ವಂತ ಮಾತಿನಲ್ಲಿ ಆಡುತ್ತಾನಲ್ಲ, ಆ ಅರ್ಥ. ಇದನ್ನು ನೆನಪಿಡಬೇಕು. ಕರ್ಕಿ, ಹೊನ್ನಾವರದ ಜನರಿಗೆ ಅರ್ಥ ಎಂದರೆ ಪದಕ್ಕೆ ಪದ ಒಪ್ಪಿಸುವುದಲ್ಲ. ಒಳ್ಳೆಯ ಅರ್ಥಧಾರಿ ಸಿಕ್ಕಿದರೆ ಸಾಯಲಿರುವ ರಾವಣ ಅರ್ಧ ಗಂಟೆ ರಾಮನ ಬಾಯಿ ಮುಚ್ಚಿಸಬಹುದು. ಜನ ರಾಮನಿಗೆ ಕೈಮುಗಿದು ರಾವಣನ ಮಾತನ್ನು ಹೇಳಿಕೊಳ್ಳುತ್ತ ಮನೆಗೆ ಹೋಗುತ್ತಾರೆ. ಮೇಸ್ತ್ರಿಗೂ ಅವರು ಅಷ್ಟೇ ಸಲಿಗೆ ಕೊಟ್ಟರು. ಒಂದೇ ವ್ಯತ್ಯಾಸ: ಮೂಲದ ಪದ ಏನೆಂದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆ ಕಾಲದ ಚಿತ್ರಗಳನ್ನು ನೋಡಿ ನಮ್ಮ ಜಿಲ್ಲೆಗೆ ಬಹಳ ಜ್ಞಾನ ಬಂತು. ಕ್ರಿಶ್ಚಿಯನ್ನರು ಮನೆಯೊಳಗೂ ಟೋಪಿ ಹಾಕಿಕೊಂಡಿರುತ್ತಾರೆ. ಎದೆಯ ಮೇಲೆ ಅಂಗೈ ಅಗಲದ ಶಿಲುಬೆ, ಕೈಯಲ್ಲಿ ಶೀಸೆ. ಅವರಿಗೆ ಹೆಣ್ಣುಮಕ್ಕಳೇ ಹುಟ್ಟುವುದು. ಆ ಹೆಣ್ಣುಮಕ್ಕಳು ಮೊಣಕಾಲಿನ ಮೇಲೆ ಲಂಗ ತೊಟ್ಟು ಕುಣಿಯುತ್ತಾರೆ ಮತ್ತು ಒಳ್ಳೆಯ ಮನೆತನದ ಹುಡುಗರನ್ನು ಕೆಡಿಸುತ್ತಾರೆ. ನಾಸ್ತಿಕರ ವಿಷಯವೂ ಹಾಗೆಯೇ. ಅವರು ಸಿಗರೇಟು ಸೇದುತ್ತಾರೆ, ಮುದಿ ತಾಯಿಯನ್ನು ಗದರುತ್ತಾರೆ, ಮೊದಲ ಅರ್ಧದಲ್ಲಿ ದೇವರ ವಿಗ್ರಹ ಒದೆಯುತ್ತಾರೆ, ಎರಡನೇ ಅರ್ಧದಲ್ಲಿ ಅದರ ಕಾಲು ಹಿಡಿಯುತ್ತಾರೆ. ನಡುವೆ ಒಂದು ಸಿಡಿಲು ಅಥವಾ ಮಗುವಿನ ಜ್ವರ. ದೇವರಿಲ್ಲ ಎಂದು ಲೆಕ್ಕಾಚಾರ ಮಾಡಿ ತಿಳಿದುಕೊಂಡು, ಆ ಮೇಲೂ ಹೆಂಡತಿಗೆ ಮೀನು ಕೊಯ್ದುಕೊಟ್ಟು, ಹತ್ತಕ್ಕೆ ಅಂಗಡಿ ತೆರೆಯುವ ನಾಸ್ತಿಕನನ್ನು ಯಾವ ಕಂಪನಿಯೂ ತೋರಿಸಲಿಲ್ಲ. ಅವನಿಗೆ ಯಾರು ಟಿಕೇಟು ಕೊಳ್ಳುತ್ತಾರೆ?

ಕರ್ಕಿಯಲ್ಲಿದ್ದ ನನ್ನ ಅತ್ತೆ ಬದುಕಿನುದ್ದಕ್ಕೂ ಕ್ರಿಶ್ಚಿಯನ್ನರ ಪಕ್ಕದ ಕೇರಿಯಲ್ಲೇ ಇದ್ದವಳು. ಅವರು ಕಚ್ಚೆ ಕಟ್ಟಿ ಗದ್ದೆ ಉಳುವುದನ್ನೂ ಒಣಮೀನಿನ ಜೊತೆ ಗಂಜಿ ಕುಡಿಯುವುದನ್ನೂ ದಿನಾ ಕಂಡವಳು. ಎರಡು ಚಿತ್ರ ನೋಡಿ ಬಂದವಳೇ ನನ್ನನ್ನು ಒಳಗೆ ಕರೆದು ಕೇಳಿದಳು: "ನಿನ್ನ ಮೇಸ್ತ್ರಿ ಮನೆಲಿ ಎಲ್ಲಾರೂ ರಾತ್ರೆ ಕುಣಿತ್ವಡ, ಹೌದನ? ಪಿಯಾನೋ ಇದ್ದಡ?"

"ಪಿಯಾನೋ ಇಡಲಿಕ್ಕೆ ಅವರ ಮನೆಯ ಬಾಗಿಲು ಅಗಲ ಇಲ್ಲ ಅತ್ತೆ."

"ಹಂಗಾರೆ ಕಿಟಕಿಯಿಂದ ತಂದಿರ್ತ್ವ," ಎಂದಳು ಅವಳು.

ಇದರಲ್ಲಿ ನಗುವುದಕ್ಕೆ ಸಾಕಷ್ಟು ಇತ್ತು, ಮೇಸ್ತ್ರಿಯ ಮಗಳ ವಿಷಯ ಬರುವ ತನಕ. ಆಕೆಗೆ ಆಗ ಹತ್ತೊಂಬತ್ತೋ ಇಪ್ಪತ್ತೋ. ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಸದಾಗಿ ಮಾಸ್ತರಿಕೆ ಸಿಕ್ಕಿತ್ತು. ಹತ್ತಿಯ ಸೀರೆ, ಕೊಡೆ, ತಲೆ ತಗ್ಗಿಸಿದ ನಡಿಗೆ. ಒಂದು ವರ್ಷ ಡೇರೆಗೆ ಅಂಥದೇ ಒಂದು ಚಿತ್ರ ಬಂದು ಹೋದ ಮೇಲೆ, ಪೇಟೆಯ ಚಾ ಅಂಗಡಿಯ ಎದುರು ಆಕೆ ಹಾದು ಹೋಗುವಾಗ ಸಿಳ್ಳೆ ಶುರುವಾಯಿತು. ಚಿತ್ರದ ಕುಣಿಯುವ ಹುಡುಗಿಯ ಹೆಸರೇ ಆಕೆಗೆ ಬಿತ್ತು. ಸೊಂಟದ ಮೇಲೆ ಕೈಯಿಟ್ಟು ತೋರಿಸುವವರೂ ಇದ್ದರು. ಆಕೆ ಬಂದರಿನ ಹಿಂದಿನ ಕೆಸರುದಾರಿ ಹಿಡಿದು ಶಾಲೆಗೆ ಹೋಗತೊಡಗಿದಳು. ಆಮೇಲೆ ಕೆಲಸ ಬಿಡುತ್ತೇನೆ ಎಂದಳು.

ಆ ಚಿತ್ರಕ್ಕೆ ತುತ್ತೂರಿ ಹಿಡಿದು ಅರ್ಥ ಹೇಳಿದವರು ಅವಳ ಅಪ್ಪನೇ.

"ನನ್ನ ಬಾಯಿಂದಲೇ ಹೋಯ್ತು ಅದು," ಎಂದರು ಮೇಸ್ತ್ರಿ, ಚಿಮಟದಲ್ಲಿ ಒಂದು ಹಲ್ಲುಚಕ್ರ ಹಿಡಿದು. "ಇದ್ದದ್ದು ಇದ್ದ ಹಾಗೆ ಹೇಳ್ದೆ. ಅದಕ್ಕೇ ಹೀಗಾತು."

ಮುಂದಿನ ವರ್ಷ ಡೇರೆ ಬಂದಾಗ ನಾನು ರಜೆಯಲ್ಲಿದ್ದೆ. ಚಿತ್ರದಲ್ಲಿ ನಾಸ್ತಿಕ, ಕ್ರಿಶ್ಚಿಯನ್ ಎರಡು ಬೆಳೆಯೂ ಇತ್ತು. ಒಬ್ಬ ಪದವೀಧರ ನಾಸ್ತಿಕ ವಿಗ್ರಹ ಒದೆದು ಕುರುಡನಾಗುತ್ತಾನೆ. ಕೊನೆಯಲ್ಲಿ ಅದೇ ವಿಗ್ರಹದ ಮುಂದೆ ಬಿದ್ದು ಕ್ಷಮೆ ಬೇಡುತ್ತಾನೆ, ಕಣ್ಣು ಬರುತ್ತದೆ. ಅವನ ನೆರೆಯಲ್ಲಿ ಒಬ್ಬ ಮುದಿ ಕ್ರಿಶ್ಚಿಯನ್: ಟೋಪಿ, ತೂರಾಟ, ಶೀಸೆ, ಕುಣಿಯುವ ಮಗಳು. ಶೀಸೆ ಹಿಡಿದ ಕೈಯನ್ನು ಪರದೆ ತುಂಬ ದೊಡ್ಡದಾಗಿ ತೋರಿಸುತ್ತಿದ್ದರು. ನಮಗೆ ತಿಳಿಯದೆ ಹೋದೀತೆಂದು.

ಮೇಸ್ತ್ರಿ ಅರ್ಥ ಶುರು ಮಾಡಿದರು. ಮುದುಕ ತೂರಾಡಿದಾಗ, "ಇವಗೆ ಬಲಗಾಲಲ್ಲಿ ವಾತ" ಎಂದರು. ಶೀಸೆ ಬಂದಾಗ, "ಅದು ಔಷಧ. ಡಾಕ್ಟರು ಕೊಟ್ಟದ್ದು. ನೋಡಿ ಸರಿಯಾಗಿ" ಎಂದರು. ಮಗಳು ಕುಣಿದಾಗ, "ಈ ಹುಡುಗಿ ಕಂಪನಿ ನಾಟಕದಲ್ಲಿ ಕೆಲಸ ಮಾಡಿ ಅಪ್ಪನ ಔಷಧಕ್ಕೆ ಹಾಕ್ತಾ ಇದ್ದಾಳೆ. ಅವಳಿಗೆ ಕುಣಿಯೂದು ಬೇಡ. ಮುಖ ಕಾಣಿ" ಎಂದರು. ಜನ ಮುಖ ನೋಡಿದರು. ನನ್ನ ಹಿಂದೆ ಕೂತ ಹೆಂಗಸೊಬ್ಬಳು ಸೆರಗಿನಿಂದ ಮೂಗೊರಸಿಕೊಂಡಳು.

ರೀಲು ಬದಲಿಸಲು ದೀಪ ಹಾಕಿದಾಗ ಅವರು ತುತ್ತೂರಿ ಎತ್ತಿ, "ಈಗ ನಡುವೆ ಆ ಕುರುಡ ಮಿರಜದ ಮಿಶನ್ ಆಸ್ಪತ್ರೆಗೆ ಹೋಗಿ ಕಣ್ಣಿನ ಆಪರೇಶನ್ ಮಾಡಿಸ್ಕೊಂಡ. ಅದನ್ನು ತೋರಿಸೂದಿಲ್ಲ, ಯುದ್ಧದಿಂದ ಫಿಲ್ಮು ತುಟ್ಟಿಯಾಗಿದೆ" ಎಂದು ಘೋಷಿಸಿದರು. ಎಲ್ಲರೂ ಒಪ್ಪಿದರು. ಎಲ್ಲವೂ ತುಟ್ಟಿಯಾಗಿತ್ತಲ್ಲ. ಕೊನೆಯ ದೃಶ್ಯದಲ್ಲಿ ನಾಸ್ತಿಕ ವಿಗ್ರಹದ ಮುಂದೆ ಬಿದ್ದು ಉದ್ದಕ್ಕೆ ಗೋಳಾಡುತ್ತಿರುವಾಗ ಮೇಸ್ತ್ರಿಯ ದನಿ ತಗ್ಗಿತು: "ಇವ ಕೇಳ್ತಾ ಇದ್ದಾನೆ, ನಂಗೆ ಕಣ್ಣು ಕಾಣದಿದ್ದಾಗ ನಿಂಗೆ ಕಾಣ್ತಿತ್ತಲ್ಲ, ನೀ ಎಂತ ಮಾಡ್ದೆ?"

ವಿಗ್ರಹ ಉತ್ತರ ಕೊಡಲಿಲ್ಲ. ದೇವರೇ ಸೋತ ಹಾಗೆ ಕಂಡಿತು, ಆದರೆ ಯಾರಿಗೂ ಸಿಟ್ಟು ಬರಲಿಲ್ಲ. ಎಂಥ ಅರ್ಥ ಎಂದು ತಲೆದೂಗಿದರು.

ಹೊನ್ನಾವರದಲ್ಲಿ ಆ ಚಿತ್ರ ಇದ್ದಷ್ಟು ದಿನವೂ ಅವರು ಹೀಗೇ ಹೇಳಿದರು. ಚಾ ಅಂಗಡಿಯ ಸಿಳ್ಳೆ ನಿಂತಿತು. ಸಿಳ್ಳೆ ಹಾಕುತ್ತಿದ್ದವರಲ್ಲೇ ಒಬ್ಬ ಎದ್ದು ನಿಂತು, "ಅಪ್ಪನ ಕಾಲುನೋವು ಹ್ಯಾಂಗಿದೆ ಅಕ್ಕೋರೆ?" ಎಂದು ಆಕೆಯನ್ನು ವಿಚಾರಿಸಿದನಂತೆ. ಮೇಸ್ತ್ರಿಯ ಕಾಲುಗಳು ಗಟ್ಟಿಯಾಗಿದ್ದವು. ಆಕೆ "ಅಡ್ಡಿಲ್ಲ" ಎಂದು ಹೇಳಿ ಮುಂದೆ ಹೋದಳಂತೆ. ಮತ್ತೆ ಪೇಟೆಯ ದಾರಿಯಲ್ಲೇ ಶಾಲೆಗೆ ಹೋಗಿಬರತೊಡಗಿದಳು.

ನಾನು ಮಾತ್ರ ಮೇಸ್ತ್ರಿಯ ಜೊತೆ ಜಗಳಕ್ಕೆ ಬಿದ್ದೆ. ನಾಸ್ತಿಕನ ಮಾತು ಬದಲಾಯಿಸಿದ್ದನ್ನು ಒಪ್ಪುತ್ತೇನೆ, ಅದು ಅಭಿಪ್ರಾಯ. ಮಿರಜವನ್ನೂ ಒಪ್ಪುತ್ತೇನೆ. ಆದರೆ ಶೀಸೆ ಎಲ್ಲರಿಗೂ ಕಣ್ಣೆದುರು ಕಾಣುತ್ತದೆ. ಕಾಣುವ ವಸ್ತುವಿನ ಬಗ್ಗೆ ಸುಳ್ಳು ಹೇಳಿದರೆ ನಮ್ಮಂಥ ವಿಚಾರವಾದಿಗಳ ಗತಿ ಏನು?

"ಉಳಿದದ್ದು ನಾ ಕಟ್ಟಿದ್ದೇ," ಎಂದರು. "ಶೀಸೆ ನೋಡಿ ಹೇಳಿದ್ದು."

"ಅದು ಸಾರಾಯಿ, ಮೇಸ್ತ್ರಿ."

"ನೀ ನೋಡಿದ್ಯ, ತಮಾ?"

"ನೋಡದೆ ಏನು? ಅಷ್ಟು ದೊಡ್ಡದಾಗಿ ತೋರಿಸ್ತಾರೆ."

ಅವರು ಭೂತಗನ್ನಡಿಯನ್ನು ಕಣ್ಣಿಗೆ ಇಳಿಸಿ ಕೆಲಸ ಮುಂದುವರಿಸಿದರು.

ಡೇರೆ ಶರಾವತಿ ದಾಟಿತು. ನಾನೂ ಹೊರಟೆ. ದೋಣಿಯಲ್ಲಿ ಪರದೆಯ ಸುರುಳಿಯ ಮೇಲೆ ಮೇಸ್ತ್ರಿ, ರೀಲಿನ ಪೆಟ್ಟಿಗೆಯ ಮೇಲೆ ನಾನು. ಭಟ್ಕಳದಲ್ಲಿ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿರಬೇಕಿತ್ತು. ಅಲ್ಲಿ ಸುತ್ತಲ ಹಳ್ಳಿಯವರಿಗೆ ಕನ್ನಡದ ಅರ್ಥ ಬೇಕು. ಆದರೆ ಪೇಟೆಯ ನವಾಯತ ಮುಸ್ಲಿಮರಿಗೆ ಉರ್ದು ಬರುತ್ತದೆ. ಪರದೆ ಮಾತಾಡಿದ್ದು ಅವರಿಗೆ ನೇರ ತಿಳಿಯುತ್ತದೆ.

ಕೊನೆಯ ದೃಶ್ಯದಲ್ಲಿ ಬೆಂಚಿನಿಂದ ಒಬ್ಬರು ಎದ್ದರು. ಪೇಟೆಯ ಬಟ್ಟೆ ವ್ಯಾಪಾರಿ, ಬಿಳಿಗಡ್ಡದ ಹಿರಿಯರು.

"ಮಾಫ್ ಮಾಡಿ ಮೇಸ್ತ್ರಿ. ಅವ ತಪ್ಪಾಯ್ತು ಅಂತ ಮಾಫಿ ಕೇಳ್ತಾ ಇದ್ದಾನೆ. ನೀವು ಅವನ ಬಾಯಲ್ಲಿ ದೇವರ ಹತ್ರ ಜವಾಬು ಕೇಳಿಸ್ತಾ ಇದ್ದೀರಿ."

ಡೇರೆಯ ಒಂದು ಭಾಗ ಘೊಳ್ಳೆಂದು ನಕ್ಕಿತು. ಇನ್ನೊಂದು ಭಾಗ, ಹಳ್ಳಿಯವರದು, ನಗಲಿಲ್ಲ. ಅವರಲ್ಲಿ ಯಾರೋ ಕೂಗಿದರು: "ಅರ್ಥ ಹೇಳುವವ್ರನ್ನ ನಡುವೆ ತಡೆಯೂದು ಎಂತಕ್ಕೆ, ಸಾಯ್ಬರೆ?"

ಆಟ ಮುಗಿದ ಮೇಲೆ ಆ ಹಿರಿಯರೇ ಬಂದು ಮೇಸ್ತ್ರಿಯ ಕೈ ಹಿಡಿದರು. "ಸಿಟ್ಟು ಮಾಡ್ಬೇಡಿ. ನಿಮ್ಮದೇ ಚೆನ್ನಾಗಿತ್ತು. ನಮ್ಮವ್ರನ್ನೂ ನೋಡಿ ನೀವು, ಪರದೆ ಮೇಲೆ ಬಂದ್ರೆ ಅತ್ತರು ಹಚ್ಕೊಂಡು ಶಾಯರಿ ಹೇಳೂದೇ. ನಾನು ಬೆಳಗಿಂದ ಸಂಜೆವರೆಗೆ ಬಟ್ಟೆ ಅಳೀತೆ." ಹಾಗೆಂದು ಅವರು ಮನೆಗೆ ಹೋದರು. ಆದರೆ ಸಾಹುಕಾರರು ಅಲ್ಲೇ ನಿಂತಿದ್ದರು.

ಇಲ್ಲಿಂದ ಮುಂದಿನ ಒಂದು ಮಾತಿನ ಬಗ್ಗೆ ಮಾತ್ರ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಇರಬೇಕೆಂದು ಎಷ್ಟೋ ಸಲ ಆಸೆಪಟ್ಟಿದ್ದೇನೆ. ಸಾಹುಕಾರರು ಮೇಸ್ತ್ರಿಯನ್ನು ಏನೂ ಕೇಳಲಿಲ್ಲ. ನನ್ನ ಕಡೆ ತಿರುಗಿದರು.

"ನೀವು ಕಲಿತವರು. ಸುಳ್ಳು ಹೇಳುವವರಲ್ಲ. ಮಾತು ಹಾಳಾಗಲಿ, ಆ ಕಿರಿಸ್ತಾನ ಮುದುಕನ ಶೀಸೆಯಲ್ಲಿ ಎಂತ ಇದೆ, ಹೇಳಿ."

"ಸಾರಾಯಿ," ಎಂದೆ ನಾನು. "ಇನ್ನೇನಿರುತ್ತದೆ?"

ಮೇಸ್ತ್ರಿ ನನ್ನನ್ನು ನೋಡಿದರು. ಭೂತಗನ್ನಡಿ ಅಂಗಡಿಯಲ್ಲಿತ್ತು, ಆದರೂ ಅವರ ಕೈ ಅಭ್ಯಾಸದಿಂದ ಕಣ್ಣಿನ ತನಕ ಹೋಗಿ, ಏನೋ ಒಂದನ್ನು ಹಣೆಗೆ ಏರಿಸಿದ ಹಾಗೆ ಮಾಡಿತು.

"ಕುಮಟೆಯಲ್ಲಿ ಇದ್ದದ್ದು ಇದ್ದ ಹಾಗೆ ಹೇಳ್ಬೇಕು ಮೇಸ್ತ್ರಿ," ಎಂದರು ಸಾಹುಕಾರರು. "ಕುಡುಕ ಅಂದ್ರೆ ಕುಡುಕ. ಇಲ್ಲದಿದ್ರೆ ತುತ್ತೂರಿ ಕೆಳಗಿಡಿ."

ಕುಮಟೆಯ ಸಂಜೆಗೆ ಬರುತ್ತೇನೆ. ಅಘನಾಶಿನಿ, ಕಾಗಾಲದ ಕಡೆಯಿಂದಲೂ ಜನ ಬಂದಿದ್ದರು; ಹೊನ್ನಾವರದ ಅರ್ಥದ ಕೀರ್ತಿ ಮುಟ್ಟಿತ್ತು. ಸಾಹುಕಾರರು ಪರದೆಯ ಬಳಿಯೇ ಕುರ್ಚಿ ಹಾಕಿಸಿಕೊಂಡಿದ್ದರು. ಅವರು ಆಮೇಲೆ ಎಲ್ಲರಿಗೂ ಹೇಳಿದ ಪ್ರಕಾರ, ಶೀಸೆಯ ದೃಶ್ಯ ಬಂದೊಡನೆ ಮೇಸ್ತ್ರಿ ಬಾಯಿ ಕಟ್ಟಿ, ತುತ್ತೂರಿ ಇಟ್ಟು ನಡೆದುಬಿಟ್ಟರು. ನನ್ನ ಅತ್ತೆಯೂ ಬಂದಿದ್ದಳು. ಅವಳ ಪ್ರಕಾರ ಮೇಸ್ತ್ರಿ ಕೊನೆಯವರೆಗೂ ಇದ್ದು, ಎಲ್ಲ ಸರಿಯಾಗಿ ಹೇಳಿ, "ದೇವ್ರು ದೊಡ್ಡವ" ಎಂದು ಕಣ್ಣೊರಸಿಕೊಂಡರು. ಅತ್ತೆಗೆ ಯಾವುದೇ ಆಟ ಹಾಗೆ ಮುಗಿಯದಿದ್ದರೆ ನಿದ್ದೆ ಬರುತ್ತಿರಲಿಲ್ಲ.

ನನ್ನ ನೆನಪು ಬೇರೆ. ಶೀಸೆ ಪರದೆಯ ಮೇಲೆ ಬಂತು. ಮೇಸ್ತ್ರಿ ತುತ್ತೂರಿ ಎತ್ತಿ, ಗಿರಾಕಿಗೆ ಗಡಿಯಾರದ ದೋಷ ಹೇಳುವ ದನಿಯಲ್ಲಿ ಅಂದರು: "ಇವ ಕುಡುಕ ಅಂತ ಚಿತ್ರದವ್ರು ಹೇಳ್ತಾರೆ. ಕೊನೆಗೆ ಆ ಕುರುಡ ದೇವರ ಕಾಲು ಹಿಡಿತಾನೆ ಅಂತ್ಲೂ ಅವ್ರೇ ಹೇಳ್ತಾರೆ. ನಾ ಹೇಳೂದು ಒಂದೇ. ನನ್ನ ಮಗಳು ನಾಳೆ ಶಾಲೆಗೆ ಹೋಗ್ಬೇಕು. ನೀವು ಶೀಸೆ ನೋಡಿ." ಆಮೇಲೆ ತುತ್ತೂರಿಯನ್ನು ಸಾಹುಕಾರರ ಮಡಿಲಲ್ಲಿಟ್ಟು ಹೊರಟರು.

ಇದು ಇಷ್ಟು ಚೆನ್ನಾಗಿದೆ ಎಂಬುದೇ ನನ್ನ ಅನುಮಾನಕ್ಕೆ ಕಾರಣ. 'ಸಾರಾಯಿ' ಎಂದ ಬಾಯಿಯೇ ಆ ತಪ್ಪಿಗೆ ಪರಿಹಾರವಾಗಿ ಅವರಿಗೊಂದು ಒಳ್ಳೆಯ ಮಾತನ್ನು ಹೊಂದಿಸಿಕೊಟ್ಟಿರಬಹುದು. ಉಳಿದ ಆಟವನ್ನು ಜನ ಅರ್ಥವಿಲ್ಲದೆ ನೋಡಿದರು ಎಂಬುದರಲ್ಲಿ ಮಾತ್ರ ಮೂವರೂ ಹೆಚ್ಚುಕಡಿಮೆ ಒಂದೇ. ಅತ್ತೆಯನ್ನು ಬಿಟ್ಟು.

ಮರುವರ್ಷದಿಂದ ಬೇರೆಯವರು ತುತ್ತೂರಿ ಹಿಡಿದರು. ಮೇಸ್ತ್ರಿ ಡೇರೆಯ ಕಡೆ ಹೋಗಲಿಲ್ಲ. ನಾನು ರಜೆಗೆ ಬಂದಾಗ ಅಂಗಡಿಯ ಎದುರು ಹಾದು ಹೋಗುವುದನ್ನು ಕಡಿಮೆ ಮಾಡಿದೆ. ಬಂದರಿನ ಹಿಂದೆ ಒಂದು ಕೆಸರುದಾರಿ ಇತ್ತಲ್ಲ.

ಪತ್ರ ಬಂದ ಮೇಲೆ ಹೊನ್ನಾವರಕ್ಕೆ ಹೋದೆ. ಅವರ ಮಗಳು ಈಗ ಅದೇ ಶಾಲೆಯ ಮುಖ್ಯ ಅಧ್ಯಾಪಕಿ. ಮುಂದಿನ ಕೋಣೆಯಲ್ಲಿ ಕೂರಿಸಿ, ಕೇಳುವ ಮೊದಲೇ ಹೇಳಿದರು.

"ಪಾದ್ರಿ ಬಂದಿದ್ರು. ಅಮ್ಮ ಕರೆಸಿದ್ದು. ಅಪ್ಪ ಅವರ ಹತ್ರ ಗೋಪುರದ ಗಡಿಯಾರ ಎರಡು ನಿಮಿಷ ಹಿಂದಿದೆ ಅಂತ ಹೇಳ್ದ. ಅಷ್ಟೇ."

"ಮತ್ತೆ ಆ ಕುಡಿತದ ಮಾತು?"

"ನೀವು ಕೇಳ್ತೀರಿ ಅಂತ ಗೊತ್ತಿತ್ತು," ಎಂದರು. ಅವರು ಒಳಗೆ ಹೋಗಿ, ಗಡಿಯಾರದ ಬಿಡಿಭಾಗ ಇಡುವ ಒಂದು ತಗಡಿನ ಡಬ್ಬಿ ತಂದರು. ಭೂತಗನ್ನಡಿ ಅದರಲ್ಲಿತ್ತು. ಅದರ ಕೆಳಗೆ ಕಾಗದದಲ್ಲಿ ಸುತ್ತಿದ ಬೆರಳುದ್ದದ ಫಿಲ್ಮಿನ ಚೂರು. ಹೊನ್ನಾವರದ ಮೊದಲ ಆಟದ ಹಿಂದಿನ ದಿನ ಯಂತ್ರಕ್ಕೆ ಹಾಕಿ ನೋಡುವಾಗ ಫಿಲ್ಮು ಹರಿದಿತ್ತಂತೆ. ಆಪರೇಟರು ಕತ್ತರಿಸಿ ಎಸೆದದ್ದನ್ನು ಮೇಸ್ತ್ರಿ ಹೆಕ್ಕಿಕೊಂಡಿದ್ದರು.

"ಸಾಹುಕಾರರಿಗೆ ತೋರಿಸಬಹುದಿತ್ತಲ್ಲ?"

"ನಾನೂ ಹಾಗೇ ಅಂದೆ. ಕೇಳಿದವ್ರಿಗೆ ತೋರಿಸ್ತೆ ಅಂದ. ಯಾರೂ ಕೇಳ್ಲಿಲ್ಲ."

ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಚೂರನ್ನು ಕಿಟಕಿಗೆ ಹಿಡಿದೆ. ಕೈ, ತೋಳಿನ ಅಂಚು, ಶೀಸೆ. ಕಂಡದ್ದನ್ನು ನಾನು ನಂಬಲಿಲ್ಲ. ಕಾಣಬೇಕೆಂದು ಬಯಸಿದ್ದನ್ನೇ ಕಾಣುತ್ತಿರಬಹುದು ಎನಿಸಿತು. ಆಕೆಯ ಅನುಮತಿ ಪಡೆದು ಎರಡನ್ನೂ ಧಾರವಾಡಕ್ಕೆ ಒಯ್ದು, ನಮ್ಮ ಓಣಿಯ ದವಾಖಾನೆಯ ಮುದಿ ಕಂಪೌಂಡರರ ಕೈಗೆ ಕೊಟ್ಟೆ. ಅವರು ಮೇಸ್ತ್ರಿಯನ್ನು ಕಂಡವರಲ್ಲ, ಚಿತ್ರ ನೋಡಿದವರಲ್ಲ, ನಾನೂ ಏನೂ ಹೇಳಲಿಲ್ಲ. ಇದರಲ್ಲಿ ಏನು ಕಾಣುತ್ತದೆ ಎಂದಷ್ಟೇ ಕೇಳಿದೆ. ಅವರು ಬೆಳಕಿಗೆ ಹಿಡಿದು, ಶೀಸೆಯ ಪಕ್ಕಕ್ಕೆ ಅಂಟಿಸಿದ್ದ ಕಚ್ಚುಕಚ್ಚಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಮೇಲಿನಿಂದ ಕೆಳಗೆ ಎಣಿಸಿದರು. ಒಂದೊಂದು ಸಲದ ಅಳತೆಗೆ ಒಂದೊಂದು ಕಚ್ಚಿನ ಅಂಥ ಪಟ್ಟಿಗಳನ್ನು ಅವರು ನಲವತ್ತು ವರ್ಷ ಅಂಟಿಸಿದ್ದರು.

"ಎಂಟು ಡೋಸಿನ ಔಷಧ," ಎಂದರು. "ಎರಡು ಡೋಸು ಕುಡಿದಾಗಿದೆ."